ಇಡೀ ಸೀಸನ್ನನ್ನು ಒಂದು ಭಾನುವಾರಕ್ಕೆ ಕೊಟ್ಟುಬಿಡೋದಾ?

ಬೆಳಗ್ಗೆ ಎದ್ದು ಫೋನ್ ನೋಡಿದರೆ ಮೈಸೂರಿನಿಂದ ತಮ್ಮ ಒಂದು ವಿಡಿಯೊ ಕಳಿಸಿದ್ದ. ಹದಿನೈದು ಸೆಕೆಂಡಿನದ್ದು. "ಅಕ್ಕಾ, ಇದಕ್ಕಿಂತ ಒಳ್ಳೆ ಫೈನಲ್ ನೋಡಿದೀಯಾ ನೀನು?" ಅಂತ ಕೆಳಗೆ ಬರೆದಿದ್ದ. ತೆರೆದು ನೋಡುವ ಮೊದಲೇ ಯಾವ ವಿಡಿಯೊ ಅಂತ ಗೊತ್ತಾಯಿತು. 2023ರ ಮೇ 21, ಲಿಥುವೇನಿಯಾದ ಕೌನಾಸ್, ಯೂರೋಪಿನ ದೊಡ್ಡ ಕ್ಲಬ್‌ಗಳ ಬ್ಯಾಸ್ಕೆಟ್‌ಬಾಲ್ ಲೀಗಾದ ಯೂರೋಲೀಗ್‌ನ ಫೈನಲ್. ರಿಯಲ್ ಮ್ಯಾಡ್ರಿಡ್‌ನ ಸೆರ್ಹಿಯೊ ಯುಲ್ ಎಸೆದ ಆ ಚೆಂಡು.

ಪಾಪ, ಅವನು ಪ್ರೀತಿಯಿಂದಲೇ ಕಳಿಸಿದ್ದು. ಶಾಲೆಯ ಸಿಮೆಂಟ್ ಕೋರ್ಟಿನಲ್ಲಿ ಅವನಿಗೆ ಡ್ರಿಬಲ್ ಕಲಿಸಿದವಳು ನಾನೇ. ಆದರೂ ಓದಿ ಹೊಟ್ಟೆ ಉರಿಯಿತು. ಯಾಕೆ ಅಂತ ಅವನಿಗೆ ಒಂದು ಸಾಲಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮ್ಯೂನಿಕ್‌ಗೆ ಬಂದ ಮೇಲೆ ಈ ಲೀಗಿನ ಹುಚ್ಚು ಹತ್ತಿದ್ದು ನಿಮಗೆಲ್ಲ ಗೊತ್ತು. ಒಲಿಂಪಿಯಾಕೋಸ್ ಹುಚ್ಚು ಹಿಡಿಸಿದವನು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ. ಗ್ರೀಸಿನ ಪಿರೇಯಸ್ ಬಂದರಿನ ಹುಡುಗ, ಆ ಊರಿನ ತಂಡವೇ ಒಲಿಂಪಿಯಾಕೋಸ್. ಆ ಭಾನುವಾರ ರಾತ್ರಿ ನಾವು ಇಲ್ಲಿನ ಒಂದು ಸಣ್ಣ ಗ್ರೀಕ್ ಹೋಟೆಲಿನಲ್ಲಿ ಕೂತು ಮ್ಯಾಚ್ ನೋಡಿದೆವು. ಅಡುಗೆಮನೆಯವರೂ ಕೆಲಸ ಬಿಟ್ಟು ಟಿವಿ ಮುಂದೆ ಬಂದು ನಿಂತಿದ್ದರು.

ಸ್ಕೋರ್ 78-77. ಒಲಿಂಪಿಯಾಕೋಸ್ ಒಂದು ಪಾಯಿಂಟ್ ಮುಂದೆ. ಚೆಂಡು ಯುಲ್ ಕೈಯಲ್ಲಿ. ಆಗ ಅವನಿಗೆ ವಯಸ್ಸು 35. ಅವತ್ತು ಅಲ್ಲಿಯವರೆಗೆ ಒಂದು ಪಾಯಿಂಟೂ ಮಾಡಿರಲಿಲ್ಲ. ಎದುರಿಗೆ ಮುಸ್ತಫಾ ಫಾಲ್, ಏಳು ಅಡಿಗಿಂತ ಎತ್ತರದ ಮನುಷ್ಯ. ಯುಲ್ ಹಿಂದಕ್ಕೆ ವಾಲಿ, ಫಾಲ್ ಚಾಚಿದ ಕೈಯ ಮೇಲಿಂದ ಚೆಂಡನ್ನು ಎತ್ತರಕ್ಕೆ ಎಸೆದ. ಅವನ ಇಂಥ ಎಸೆತಗಳಿಗೆ ಸ್ಪೇನ್‌ನಲ್ಲಿ 'ಮಂದರೀನಾ' ಅಂತಾರೆ, ಕಿತ್ತಳೆ ಹಣ್ಣು. ಕಿತ್ತಳೆ ನೇರ ರಿಂಗಿನೊಳಗೆ ಬಿತ್ತು. ಉಳಿದದ್ದು ಮೂರು ಸೆಕೆಂಡ್. ಒಲಿಂಪಿಯಾಕೋಸ್‌ನ ಕೋಸ್ತಾಸ್ ಸ್ಲೂಕಾಸ್ ಓಡಿ ಬಂದು ಎಸೆದದ್ದು ಬೀಳಲಿಲ್ಲ. 79-78. ಮುಗಿಯಿತು.

ಗೆಳೆಯ ಕೂಗಲಿಲ್ಲ. ಬೈಯಲಿಲ್ಲ. ಮ್ಯಾಚ್ ಉದ್ದಕ್ಕೂ ಒಂದು ಟಿಶ್ಯೂ ಪೇಪರನ್ನು ಬೆರಳಲ್ಲಿ ಉಂಡೆ ಮಾಡುತ್ತಾ ಕೂತಿದ್ದ. ಈಗ ಅದನ್ನು ಮೆಲ್ಲಗೆ ಬಿಡಿಸಿ, ಮೇಜಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡತೊಡಗಿದ. ಪಿರೇಯಸ್‌ನಿಂದ ಅವನ ಅಮ್ಮನ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಆ ಪೇಪರಿನ ಸುಕ್ಕು ಹೋಗುವವರೆಗೂ ಏಳುವುದಿಲ್ಲ ಅನ್ನುವ ಹಾಗೆ ತೀಡುತ್ತಲೇ ಇದ್ದ.

ನನ್ನ ತಕರಾರು ಯುಲ್ ಮೇಲಲ್ಲ. ಆ ಎಸೆತ ಚಿನ್ನ. ನನ್ನ ತಕರಾರು, ಆ ಒಂದು ಎಸೆತಕ್ಕೆ ಎಂಟು ತಿಂಗಳ ಲೀಗನ್ನು ಕೊಟ್ಟುಬಿಡುವ ಪದ್ಧತಿಯ ಮೇಲೆ. ಕೊನೆಯ ನಾಲ್ಕು ತಂಡ ಒಂದೇ ಊರಿಗೆ ಬರುತ್ತವೆ, ಸೆಮಿಫೈನಲ್ ಒಂದೇ ಮ್ಯಾಚ್, ಫೈನಲ್ ಒಂದೇ ಮ್ಯಾಚ್. ಇದಕ್ಕೆ ಫೈನಲ್ ಫೋರ್ ಅಂತಾರೆ.

ಲೆಕ್ಕ ನೋಡಿ. ಆ ಸಲ 18 ತಂಡ, 34 ಸುತ್ತು. ಅಕ್ಟೋಬರ್‌ನಲ್ಲಿ ಶುರು. ಪ್ರತಿ ತಂಡವೂ ಉಳಿದ ಎಲ್ಲರ ಜೊತೆ ತನ್ನ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಬೇಕು. ಇದರ ಜೊತೆಗೆ ಅವರವರ ದೇಶದ ಲೀಗ್ ಬೇರೆ. ಇಷ್ಟೆಲ್ಲ ಮುಗಿದಾಗ ಮೊದಲ ಸ್ಥಾನದಲ್ಲಿ ಇದ್ದದ್ದು ಒಲಿಂಪಿಯಾಕೋಸ್. 24 ಗೆಲುವು, 10 ಸೋಲು. ಅವರ ಸಾಶಾ ವೆಜೆಂಕೋವ್ ಇಡೀ ಲೀಗಿನ ಅತ್ಯುತ್ತಮ ಆಟಗಾರ, ಅತಿ ಹೆಚ್ಚು ಪಾಯಿಂಟ್ ಮಾಡಿದವನೂ ಅವನೇ. ಫೈನಲ್‌ನಲ್ಲೂ 29 ಪಾಯಿಂಟ್ ಹೊಡೆದ. ಇನ್ನೇನು ಮಾಡಬೇಕಿತ್ತು ಆ ಮನುಷ್ಯ?

ಸೆಮಿಫೈನಲ್‌ನಲ್ಲಿ ಮೊನಾಕೊ ವಿರುದ್ಧ ಅವರು ಆಡಿದ ಮೂರನೇ ಕ್ವಾರ್ಟರ್ ನೋಡಿದ್ದೀರಾ? ಹತ್ತು ನಿಮಿಷ. ಮೊನಾಕೊ ಗಳಿಸಿದ್ದು ಎರಡೇ ಎರಡು ಪಾಯಿಂಟ್. ಒಲಿಂಪಿಯಾಕೋಸ್ 27. ಯಾವ ಕಡೆ ತಿರುಗಿದರೂ ಒಂದು ಕೈ ಅಡ್ಡ ಬರುತ್ತಿತ್ತು. ಪಾಸ್ ಮಾಡಿದರೆ ಕೈ, ಹಾರಿದರೆ ಕೈ. ಕೋಚ್ ಬಾರ್ಟ್ಜೋಕಾಸ್ ಆ ತಂಡಕ್ಕೆ ಕಲಿಸಿದ್ದು ಏನು ಅಂತ ಆ ಹತ್ತು ನಿಮಿಷದಲ್ಲಿ ಪೂರ್ತಿ ಕಾಣುತ್ತದೆ. ಅದರ ವಿಡಿಯೊ ಯಾರೂ ನನಗೆ ಕಳಿಸುವುದಿಲ್ಲ.

ಈಗ ನನಗೆ ಬಹಳ ಕೋಪ ಬರಿಸುವ ಮಾತಿಗೆ ಬರುತ್ತೇನೆ. ರಿಯಲ್ ಮ್ಯಾಡ್ರಿಡ್ ಕೌನಾಸ್‌ಗೆ ಬಂದದ್ದು ಹೇಗೆ?

ಎಂಟರ ಘಟ್ಟದಲ್ಲಿ ಅವರಿಗೆ ಎದುರಾಳಿ ಬೆಲ್‌ಗ್ರೇಡಿನ ಪಾರ್ಟಿಜಾನ್. ಅಲ್ಲಿ ಒಂದೇ ಮ್ಯಾಚ್ ಅಲ್ಲ, ಐದರಲ್ಲಿ ಮೂರು ಗೆಲ್ಲಬೇಕು. ಮೊದಲ ಪಂದ್ಯ ಮ್ಯಾಡ್ರಿಡ್‌ನಲ್ಲೇ. ರಿಯಲ್ ಸೋತಿತು. ಎರಡನೆಯದೂ ಮ್ಯಾಡ್ರಿಡ್‌ನಲ್ಲೇ. 80-95 ಇರುವಾಗ ಕೋರ್ಟಿನಲ್ಲಿ ಹೊಡೆದಾಟ ಶುರುವಾಯಿತು. ರಿಯಲ್‌ನ ಯಾಬುಸೆಲೆ ಪಾರ್ಟಿಜಾನ್‌ನ ಡಾಂಟೆ ಎಕ್ಸಮ್‌ನನ್ನು ಎತ್ತಿ ನೆಲಕ್ಕೆ ಕುಕ್ಕಿದ. ಆಟ ಅಲ್ಲಿಗೇ ನಿಂತಿತು. ಯಾಬುಸೆಲೆಗೆ ಐದು ಪಂದ್ಯ ನಿಷೇಧ. ಪಾರ್ಟಿಜಾನ್ ಕಡೆ ಕೆವಿನ್ ಪಂಟರ್‌ಗೆ ಎರಡು, ಲೆಸಾರ್‌ಗೆ ಒಂದು. ತನ್ನ ಮನೆಯಲ್ಲೇ ಎರಡೂ ಸೋತ ರಿಯಲ್ ಬೆಲ್‌ಗ್ರೇಡಿಗೆ ಹೋಗಿ ಎರಡೂ ಗೆದ್ದಿತು. ವಾಪಸ್ ಬಂದು ಐದನೆಯದರಲ್ಲಿ 18 ಪಾಯಿಂಟ್ ಹಿಂದೆ ಬಿದ್ದು, ಅದನ್ನೂ 98-94ಕ್ಕೆ ಗೆದ್ದಿತು. ಅದಕ್ಕೂ ಮುಂಚೆ ಮನೆಯಲ್ಲಿ ಎರಡು ಸೋತು ಸರಣಿ ಗೆದ್ದ ತಂಡ ಆ ಲೀಗಿನಲ್ಲಿ ಇರಲೇ ಇಲ್ಲ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ, ನಿಜವಾಗಲೂ.

ಆದರೆ ಯೋಚನೆ ಮಾಡಿ. ಆ ಎಂಟರ ಘಟ್ಟವೂ ಒಂದೇ ಮ್ಯಾಚಿನದ್ದಾಗಿದ್ದರೆ? ರಿಯಲ್ ಮೊದಲ ರಾತ್ರಿಯೇ ಮನೆಗೆ ಹೋಗುತ್ತಿತ್ತು. ಕಿತ್ತಳೆಯೂ ಇಲ್ಲ, ಕೌನಾಸೂ ಇಲ್ಲ. ಸರಣಿ ಇತ್ತು ಅನ್ನುವ ಒಂದೇ ಕಾರಣಕ್ಕೆ ಅವರು ಎರಡು ಸಲ ಬಿದ್ದು ಮೂರು ಸಲ ಎದ್ದರು. ತಾವು ಎಂಥವರು ಅಂತ ತೋರಿಸೋಕೆ ಅವರಿಗೆ ಐದು ರಾತ್ರಿ ಸಿಕ್ಕಿತು. ಒಲಿಂಪಿಯಾಕೋಸ್‌ಗೆ ಫೈನಲ್‌ನಲ್ಲಿ ಸಿಕ್ಕಿದ್ದು ನಲವತ್ತು ನಿಮಿಷ. ಒಂದು ಸಲ ಬಿದ್ದರು, ಏಳುವುದಕ್ಕೆ ಇನ್ನೊಂದು ರಾತ್ರಿ ಇರಲಿಲ್ಲ. ಎಂಟರ ಘಟ್ಟದಲ್ಲಿ ಒಲಿಂಪಿಯಾಕೋಸ್ ಎಂಟನೇ ಸ್ಥಾನದ ಫೆನರ್‌ಬಾಚೆಯನ್ನು ಮನೆಗೆ ಕಳಿಸೋಕೆ ಐದು ಪಂದ್ಯ ಬೇಕು, ಯೂರೋಪಿನ ಚಾಂಪಿಯನ್ ಯಾರು ಅಂತ ಹೇಳೋಕೆ ಒಂದು ಸಾಕು ಅಂದರೆ ಯಾವ ನ್ಯಾಯ ಇದು?

"ಒಂದು ಮ್ಯಾಚಾದರೇನು, ಒಳ್ಳೆ ತಂಡ ಗೆದ್ದೇ ಗೆಲ್ಲುತ್ತೆ" ಅನ್ನುವವರಿಗೆ ಅದೇ ವರ್ಷದ ಇನ್ನೊಂದು ಸಂಗತಿ ಹೇಳುತ್ತೇನೆ. ಕೌನಾಸ್ ಸೆಮಿಫೈನಲ್‌ನಲ್ಲಿ ರಿಯಲ್ ಬಾರ್ಸಿಲೋನಾವನ್ನು 78-66ಕ್ಕೆ ಸೋಲಿಸಿತ್ತು. ಹೆಚ್ಚು ದಿನ ಆಗಿರಲಿಲ್ಲ, ಜೂನ್‌ನಲ್ಲಿ ಸ್ಪೇನ್ ಲೀಗಿನ ಫೈನಲ್‌ನಲ್ಲಿ ಅದೇ ಎರಡು ತಂಡ ಎದುರಾದವು. ಅಲ್ಲಿ ಐದರ ಸರಣಿ. ಬಾರ್ಸಿಲೋನಾ 3-0. ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ. ಒಂದು ರಾತ್ರಿ ಹೇಳಿದ ಮಾತನ್ನು ಮೂರು ರಾತ್ರಿ ತಿರುಗಿಸಿ ಹಾಕಿದವು.

ನಮ್ಮವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 2016ರ ಮೇ 29, ಚಿನ್ನಸ್ವಾಮಿ. ಕೊಹ್ಲಿ ಆ ಸೀಸನ್‌ನಲ್ಲಿ 973 ರನ್. ಎಂಟು ರನ್‌ನಿಂದ ಸೋಲು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆದರೂ ಐಪಿಎಲ್‌ನಲ್ಲಿ ಮೊದಲ ಎರಡು ಸ್ಥಾನದಲ್ಲಿರುವವರಿಗೆ ಪ್ಲೇಆಫ್‌ನಲ್ಲಿ ಒಂದು ಸೋಲಿಗೆ ಮಾಫಿ ಇದೆ, ಇನ್ನೊಂದು ಬಾಗಿಲು ತೆರೆದಿರುತ್ತದೆ. ಕೌನಾಸ್‌ನಲ್ಲಿ ಮೊದಲ ಸ್ಥಾನಕ್ಕೆ ಸಿಕ್ಕ ಲಾಭ ಏನು? ಏನೂ ಇಲ್ಲ.

ಫೈನಲ್ ಫೋರ್ ಪರವಾಗಿ ಮಾತಾಡುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅದೊಂದು ಜಾತ್ರೆ, ನಾಲ್ಕು ಊರಿನ ಜನ ಒಂದೇ ಊರಿಗೆ ಬರುತ್ತಾರೆ, ಮೂರು ದಿನ ಹಾಡು, ಕುಣಿತ, ಅದನ್ನು ಕಿತ್ತುಕೊಳ್ಳಬೇಡ ಅಂತಾರೆ. ಹೌದು, ಜಾತ್ರೆ ಚೆನ್ನಾಗಿರುತ್ತೆ. ಕೌನಾಸ್‌ನಂಥ ಊರಲ್ಲಂತೂ ಬ್ಯಾಸ್ಕೆಟ್‌ಬಾಲ್ ಅಂದರೆ ದೇವರು. ಆದರೆ ಆ ಜಾತ್ರೆಗೆ ಹೋಗೋದು ಯಾರು? ವಿಮಾನಕ್ಕೆ, ಹೋಟೆಲಿಗೆ, ಟಿಕೆಟಿಗೆ ದುಡ್ಡಿರುವವರು. 2025ರಲ್ಲಿ ಫೈನಲ್ ಫೋರನ್ನು ಅಬುಧಾಬಿಗೇ ತೆಗೆದುಕೊಂಡು ಹೋದರು. ಗೆಳೆಯನ ಅಪ್ಪ ಹುಟ್ಟಿದಾಗಿನಿಂದ ಪಿರೇಯಸ್‌ನಲ್ಲೇ ಇರುವವರು. ಇಡೀ ಚಳಿಗಾಲ ಸಮುದ್ರದ ಪಕ್ಕದ ಆ ಸ್ಟೇಡಿಯಂನಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಅವರು ಫೈನಲ್ ಫೋರ್‌ಗೆ ಒಂದು ಸಲವೂ ಹೋಗಿಲ್ಲ. ಸರಣಿ ಇದ್ದರೆ ಫೈನಲ್ ಅವರ ಊರಿಗೇ, ಅವರ ಕುರ್ಚಿಯ ಎದುರಿಗೇ ಬರುತ್ತದೆ. ಜಾತ್ರೆ ಅಂದರೆ ಅದು ಅಲ್ವಾ? ತೇರು ನಮ್ಮ ಬೀದಿಗೇ ಬರಬೇಕು.

ಇನ್ನೊಂದು ಮಾತು, ದಿನ ಸಾಲದು ಅನ್ನೋದು. ಇದನ್ನು ನಾನು ಒಪ್ಪುವುದೇ ಇಲ್ಲ. ಕೌನಾಸ್ ಆದ ಮರುವರ್ಷವೇ ಪ್ಲೇ-ಇನ್ ಅಂತ, ಏಳರಿಂದ ಹತ್ತನೇ ಸ್ಥಾನದವರು ಎಂಟರ ಘಟ್ಟಕ್ಕೆ ಬರೋಕೆ ಆಡುವ ಹೊಸ ಪಂದ್ಯಗಳನ್ನು ತಂದರು. 2025-26ಕ್ಕೆ ತಂಡ 20 ಆಯಿತು, ಸುತ್ತು 38 ಆಯಿತು. ಒಂಬತ್ತನೆಯವರು, ಹತ್ತನೆಯವರು ಯಾರು ಅಂತ ನೋಡೋಕೆ ದಿನ ಸಿಗುತ್ತದೆ. ನಾಲ್ಕು ಸುತ್ತು ಜಾಸ್ತಿ ಮಾಡೋಕೆ ದಿನ ಸಿಗುತ್ತದೆ. ಫೈನಲ್‌ಗೆ ಮಾತ್ರ ದಿನ ಇಲ್ಲ!

ಹಿಂದೆ ಮಾಡಿಯೇ ಇಲ್ಲ ಅನ್ನುವ ಹಾಗೂ ಇಲ್ಲ. 2001ರಲ್ಲಿ ಯೂರೋಲೀಗ್ ಫೈನಲ್ ಐದರ ಸರಣಿಯೇ ಆಗಿತ್ತು. ಇಟಲಿಯ ಬೊಲೋನ್ಯ, ಸ್ಪೇನಿನ ತಾವ್. ಬೊಲೋನ್ಯ 3-2ರಿಂದ ಗೆದ್ದಿತು. ಮುಂದೆ ಅಮೆರಿಕದಲ್ಲಿ ಹೆಸರು ಮಾಡಿದ ಮಾನು ಜಿನೋಬಿಲಿ ಆಗ ಆ ಬೊಲೋನ್ಯ ತಂಡದ ಹುಡುಗ. ಮುಂದಿನ ವರ್ಷ ಮತ್ತೆ ಫೈನಲ್ ಫೋರ್‌ಗೆ ಮರಳಿದರು. ಅದು ಬೊಲೋನ್ಯದಲ್ಲೇ ನಡೆಯಿತು, ಅದೇ ತಂಡ ತನ್ನ ಊರಿನಲ್ಲೇ ಒಂದು ಮ್ಯಾಚಿನಲ್ಲಿ ಗ್ರೀಸಿನ ಪನಾಥಿನಾಯ್ಕೋಸ್‌ಗೆ ಸೋತಿತು.

ಇಷ್ಟು ಬರೆದು ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಇದೇ ಒಲಿಂಪಿಯಾಕೋಸ್ 2012ರಲ್ಲಿ ಇಸ್ತಾಂಬುಲ್‌ನಲ್ಲಿ ಚಾಂಪಿಯನ್ ಆದದ್ದು ಹೇಗೆ ಗೊತ್ತಾ? ಎದುರಿಗೆ ಸಿಎಸ್‌ಕೆಎ ಮಾಸ್ಕೊ. 19 ಪಾಯಿಂಟ್ ಹಿಂದೆ ಬಿದ್ದಿದ್ದರು. ಒಂದು ಸೆಕೆಂಡೂ ಉಳಿದಿರಲಿಲ್ಲ, ಪ್ರಿಂಟೆಜಿಸ್ ಒಂಟಿಕೈಯಲ್ಲಿ ತೇಲಿಸಿದ ಚೆಂಡು ಬಿದ್ದು 62-61. ಆ ವಿಡಿಯೊ ನನ್ನ ಗೆಳೆಯನ ಫೋನಿನಲ್ಲಿ ಇವತ್ತಿಗೂ ಇದೆ. ನಾನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಕೌನಾಸ್ ಆದ ಮೇಲೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ, "2012ರಲ್ಲಿ ಆದದ್ದು ಸರಿಯಾ ಹಾಗಾದರೆ?" ಅವನು ತುಂಬ ಹೊತ್ತು ಸುಮ್ಮನಿದ್ದ. "ಮಾಸ್ಕೊದವರು ಒಬ್ಬರಾದರೂ ಸಿಕ್ಕಿದ್ದರೆ ಅವತ್ತು ನಿಮ್ಮ ಮನೆಯಲ್ಲಿ ಹೇಗಿತ್ತು ಅಂತ ಕೇಳಬೇಕು ಅನ್ನಿಸಿದೆ" ಅಂದ. ಕೌನಾಸ್‌ಗಿಂತ ಮುಂಚೆ ಹಾಗೆ ಯಾವತ್ತೂ ಅನ್ನಿಸಿರಲಿಲ್ಲವಂತೆ.

ಹಾಗಾಗಿ ನನ್ನನ್ನು ಪಕ್ಷಪಾತಿ ಅನ್ನಬೇಡಿ. 2012ರಲ್ಲೂ ಇನ್ನೆರಡು ರಾತ್ರಿ ಬೇಕಿತ್ತು. 2022ರ ಸೆಮಿಫೈನಲ್‌ನಲ್ಲಿ ಇಸ್ತಾಂಬುಲ್‌ನ ಎಫೆಸ್ ತಂಡದ ಮಿಸಿಚ್ ಕೊನೆಯ ಕ್ಷಣಕ್ಕೆ ಥ್ರೀ ಪಾಯಿಂಟರ್ ಹಾಕಿ ಒಲಿಂಪಿಯಾಕೋಸನ್ನು 77-74ಕ್ಕೆ ಮನೆಗೆ ಕಳಿಸಿದಾಗಲೂ ಬೇಕಿತ್ತು. ಮರುವರ್ಷ ಕೌನಾಸ್. ಎರಡು ವರ್ಷ, ಎರಡು ಎಸೆತ. ಸಹಿಸೋಕೆ ಆಗುತ್ತಾ?

ಆ ತಂಡ ಹಾಗೇ ಉಳಿಯಲೂ ಇಲ್ಲ. ಆ ಬೇಸಿಗೆಯಲ್ಲೇ ವೆಜೆಂಕೋವ್ ಅಮೆರಿಕಕ್ಕೆ, ಸ್ಯಾಕ್ರಮೆಂಟೊಗೆ ಹೋದ. ಸ್ಲೂಕಾಸ್ ಹೋದದ್ದು ಎಲ್ಲಿಗೆ? ಪನಾಥಿನಾಯ್ಕೋಸ್‌ಗೆ! ಪಕ್ಕದ ಅಥೆನ್ಸ್‌ನ ಬದ್ಧ ವೈರಿಗಳ ಹತ್ತಿರ. 2024ರಲ್ಲಿ ಬರ್ಲಿನ್‌ನಲ್ಲಿ ಅವರ ಜೊತೆ ಕಪ್ ಎತ್ತಿದ, ಫೈನಲ್ ಫೋರಿನ ಅತ್ಯುತ್ತಮ ಆಟಗಾರನೂ ಆದ. ಗೆಳೆಯ ಆ ಮ್ಯಾಚ್ ನೋಡಲಿಲ್ಲ. ನಾನು ಒಬ್ಬಳೇ ಮನೆಯಲ್ಲಿ ಕೂತು ನೋಡಿದೆ. ಸ್ಲೂಕಾಸ್ ನಗುವಾಗ ನನಗೆ ಕಂಡದ್ದು ಕೌನಾಸ್‌ನಲ್ಲಿ ಬೀಳದ ಆ ಚೆಂಡು.

ತಮ್ಮನಿಗೆ ಈಗಷ್ಟೇ ಉತ್ತರ ಹಾಕಿದೆ. ಬೈಯಲಿಲ್ಲ. ಮೊನಾಕೊ ವಿರುದ್ಧದ ಆ ಮೂರನೇ ಕ್ವಾರ್ಟರಿನ ಪೂರ್ತಿ ವಿಡಿಯೊ ಹುಡುಕಿ ಕಳಿಸಿದೆ. ಜೊತೆಗೆ ರಿಯಲ್-ಪಾರ್ಟಿಜಾನ್ ಐದನೇ ಪಂದ್ಯವನ್ನೂ ಕಳಿಸಿದೆ. "ಎರಡನ್ನೂ ಕೂತು ನೋಡು, ಓಡಿಸಬೇಡ, ಆಮೇಲೆ ಫೋನ್ ಮಾಡು" ಅಂತ ಬರೆದಿದ್ದೇನೆ. ಅಲ್ಲಿ ಈಗ ಮಧ್ಯಾಹ್ನ. ಇನ್ನೂ ನೋಡಿದ ಹಾಗೆ ಕಾಣಲಿಲ್ಲ.