ಸತ್ಯಾಂಶ: ನೀರಿನಡಿ ಹೆಬ್ಬೆರಳು ಎತ್ತಿದರೆ ‘ಎಲ್ಲ ಸರಿ’ ಎಂದಲ್ಲ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟವರಿಗೆಲ್ಲ ಒಂದು ಫಾರ್ವರ್ಡ್ ಬರುತ್ತಿದೆ: ‘ನೀರೊಳಗೆ ಎಲ್ಲ ಸರಿ ಇದ್ದರೆ ಹೆಬ್ಬೆರಳು ಎತ್ತಿ ತೋರಿಸಿ.’ ಇದು ತಪ್ಪು. ಅಲ್ಲಿ ಹೆಬ್ಬೆರಳು ಎತ್ತಿದರೆ ‘ಡೈವ್ ಸಾಕು, ಮೇಲೆ ಹೋಗೋಣ’ ಎಂದರ್ಥ. ಜೊತೆಗಾರರು ಕಾರಣ ಕೇಳುತ್ತಾ ನಿಲ್ಲುವುದಿಲ್ಲ. ಅದೇ ಸನ್ನೆ ಮಾಡಿ, ನಿಮ್ಮ ಜೊತೆಗೇ ನಿಧಾನವಾಗಿ ಏರುತ್ತಾರೆ.

ಸರಿ ಇದೆ ಎನ್ನಲು ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ ಉಂಗುರ ಮಾಡಿ. ಉಳಿದ ಮೂರು ಬೆರಳು ನೆಟ್ಟಗಿರಲಿ. ಗಾಳಿ ಕಡಿಮೆಯಾದರೆ ಮುಷ್ಟಿ ಎದೆಗೆ. ಪೂರ್ತಿ ಮುಗಿದರೆ ಅಂಗೈಯನ್ನು ಕುತ್ತಿಗೆಗೆ ಅಡ್ಡ ಎಳೆಯಿರಿ.

ಸುಮಾರು 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ 50 ಬಾರ್ ಉಳಿಸಿಕೊಂಡೇ ಮೇಲೆ ಬರಬೇಕು. ಎಷ್ಟು ಬಾರ್ ಉಳಿದಾಗ ವಾಪಸ್ ಎಂಬುದನ್ನು ದೋಣಿಯಲ್ಲೇ ಮಾತಾಡಿಕೊಳ್ಳಿ. ಕೆಳಗೆ ಹೋದ ಮೇಲೆ ಬಾಯಲ್ಲಿ ಉಸಿರಾಡುವ ಸಾಧನ, ಅಂದರೆ ರೆಗ್ಯುಲೇಟರ್ ಇರುತ್ತದೆ, ಅಲ್ವಾ?