ಅಡಿಕೆ ಹುಡುಕಿದ್ರೆ ಸೊನ್ನೆ

ಕಾಸರಗೋಡಿನಲ್ಲಿ ನಿಂತುಕೊಂಡು ಅಡಿಕೆ ಇಲ್ಲ ಅಂತ ಹೇಳಿದವ ಈ ಲೋಕದಲ್ಲಿ ನಾನೊಬ್ಬನೇ ಇರ್ಬೇಕು. ಅದೂ ಐವತ್ತು ಮಕ್ಕಳ ಎದುರು, ಪ್ರೊಜೆಕ್ಟರಲ್ಲಿ, ಗೋಡೆ ತುಂಬ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಮೊದಲೆಲ್ಲ ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ನಡುವೆ ಎರಡು ಸಲ "ಶ್ಶ್" ಅನ್ನೋದು, ಇಷ್ಟರಲ್ಲಿ ದಿನ ಕಳೀತಿತ್ತು. ಈಗ ಪಾಠವೂ ಮಾಡ್ಬೇಕು ಮಾರಾಯ್ರೆ. ಕ್ಯಾಟಲಾಗಿನಲ್ಲಿ ಹುಡುಕೋದು ಹೇಗೆ, ಕಾಲೇಜುಗಳಿಗೆ ಆನ್‌ಲೈನಲ್ಲಿ ಜರ್ನಲ್ ಒದಗಿಸುವ ಎನ್-ಲಿಸ್ಟಿಗೆ ಲಾಗಿನ್ ಆಗಿ ಜರ್ನಲ್ ಓದೋದು ಹೇಗೆ, ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾದಿಂದ ಥೀಸಿಸ್ ಇಳಿಸಿಕೊಂಡ ಮೇಲೆ ಅದನ್ನೇ ತನ್ನ ಪ್ರಾಜೆಕ್ಟ್ ಅಂತ ಕೊಡದೆ ಇರೋದು ಹೇಗೆ, ಎಲ್ಲ ನಾವೇ ಹೇಳಿಕೊಡ್ಬೇಕು, ಅದೂ ಸ್ಲೈಡು, ವಿಡಿಯೊ, ಆನ್‌ಲೈನ್ ಕ್ವಿಜ್ ಎಲ್ಲ ಹಾಕಿ. ನಮಗೆ ಪಾಠ ಮಾಡ್ಲಿಕ್ಕೆ ಯಾರು ಕಲಿಸಿದ್ದು? ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪುಸ್ತಕದ ಲೆಕ್ಕದಲ್ಲಿ ಕನ್ನಡ ಸಾಹಿತ್ಯ 894.814, ಮಲಯಾಳ 894.812 ಅಂತ ಹೇಳ್ತೇನೆ, ಆದ್ರೆ ಹಿಂದಿನ ಬೆಂಚಿನವರು ಡೆಸ್ಕಿನ ಕೆಳಗೆ ಮೊಬೈಲ್ ನೋಡ್ತಾ ಇದ್ರೆ ಎಂತ ಮಾಡೋದು ಅಂತ ಆ ಪುಸ್ತಕದಲ್ಲಿ ಯಾವ ನಂಬರಿನ ಕೆಳಗೂ ಇಲ್ಲ.

ಹಾಗಾಗಿ ಆಚೀಚೆ ಕಾಲೇಜಿನ ನಾವು ಐದು ಜನ ಲೈಬ್ರರಿಯನ್ನರು ಸೇರಿ ಒಂದು ತೀರ್ಮಾನ ಮಾಡಿದೆವು. ಎರಡನೇ ಶನಿವಾರ ಹೇಗೂ ರಜೆ, ಯಾರಾದ್ರೂ ಒಬ್ಬರ ಲೈಬ್ರರಿಯಲ್ಲಿ ಕೂತು ಒಬ್ಬರಿಗೊಬ್ಬರು ಕಲಿಸೋದು. ಬಾಯಾರು ಕಡೆಯ ಟೀಚರ್, ನಮ್ಮ ಜಿಲ್ಲೆಯದೇ ಹೊಸದುರ್ಗದಿಂದ ಒಬ್ಬರು ಮಾಷ್ (ಅವರಿಗೆ ಕನ್ನಡ ಅರ್ಥ ಆಗ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ), ಉಪ್ಪಳದವರು ಇಬ್ಬರು, ಮತ್ತೆ ನಾನು. ಮೊದಲ ಶನಿವಾರ ಗೋಳಿಬಜೆ ಬಂತು, ಚಾ ಬಂತು, ಎಲ್ಲರೂ ತಮಗೆ ಎಲ್ಲ ಗೊತ್ತುಂಟು ಅಂತ ಕೂತಿದ್ರು, ಮೂರು ಗಂಟೆ ಹೊತ್ತಿಗೆ ಕರೆಂಟ್ ಹೋಯ್ತು, ನಮ್ಮೆಲ್ಲರ ಮಾನ ಉಳೀತು.

ಎರಡನೇ ಸಲ ಉಳೀಲಿಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ನಾವು ಮಾತಾಡಿದ್ದು ಕೆಳಗೆ ತನ್ನಷ್ಟಕ್ಕೆ ಅಕ್ಷರ ಆಗಿ ಬರ್ತದಲ್ಲ, ಕ್ಯಾಪ್ಶನ್, ಅದನ್ನು ತೋರಿಸ್ತೇನೆ ಅಂತ ಟೀಚರ್ ಹೊರಟ್ರು. ಭಾಷೆ ಇಂಗ್ಲಿಷಲ್ಲೇ ಇತ್ತು, ಯಾರೂ ನೋಡ್ಲಿಲ್ಲ. ಮೈಕಿಗೆ ಒಂದು ಕನ್ನಡ, ಅರ್ಧ ತುಳು, ನಡುವೆ ಮಾಷ್ ಅವರ ಮಲಯಾಳ. ನಾನು "ಎಂತ ಮಾರಾಯ್ರೆ" ಅಂದದ್ದು "ಎಂಟರ್ ಮರಿಯಾ" ಅಂತ ಬಂತು. ಮೀಟಿಂಗಿಗೆ ಮನೆಯಿಂದಲೇ ಸೇರಿದ್ದ ಉಪ್ಪಳದವರು ಗಂಭೀರವಾಗಿ ಕೇಳಿದ್ರು, "ಹೊಸಬರು ಯಾರೋ ಬಂದ್ರಾ? ಮರಿಯಾ ಟೀಚರ್ ಯಾವ ಕಾಲೇಜು?" ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಭಾಷಣದಲ್ಲಿ ಹೇಳೋದು, ಆ ಸಂಗಮವನ್ನು ಒಂದು ಸಾಫ್ಟ್‌ವೇರಿನ ಬಾಯಿಗೆ ಹಾಕಿದ್ರೆ ಅದಾದ್ರೂ ಎಂತ ಮಾಡ್ತದೆ ಪಾಪ.

ಆಮೇಲೆ ವಿಡಿಯೊ. ಕ್ಯಾಟಲಾಗಿನಲ್ಲಿ ಹುಡುಕುವ ಕ್ರಮವನ್ನು ಸ್ಕ್ರೀನ್ ರೆಕಾರ್ಡ್ ಮಾಡಿ ಮಕ್ಕಳ ವಾಟ್ಸ್ಯಾಪಿಗೆ ಹಾಕೋದು ಅಂತ ಆಯ್ತು. ಆರು ನಿಮಿಷದ ವಿಡಿಯೊ, ಎರಡು ಶನಿವಾರ ತಿಂತು. ಒಮ್ಮೆ ಮಳೆ, ಒಮ್ಮೆ ಬಾಗಿಲು ಬಡಿದದ್ದು, ಒಮ್ಮೆ ನನ್ನ ಮನೆಯಿಂದ "ಬರುವಾಗ ಬೆಲ್ಲ ತನ್ನಿ" ಅಂತ ಮೆಸೇಜ್ ಸ್ಕ್ರೀನಿನ ಮೂಲೆಯಲ್ಲಿ ಎದ್ದದ್ದು. ಕೊನೆಗೆ ಒಂದು ಸರಿ ಬಂತು ಅಂತ ಕಳಿಸಿದೆವು, ಯಾರೂ ಪೂರ್ತಿ ಕೇಳಿರ್ಲಿಲ್ಲ. ನಾನು "ಈಗ ಸರ್ಚ್ ಬಾಕ್ಸಿನಲ್ಲಿ ನೀವು ಹಾಕ್ಬೇಕಾದ್ದು ಏನಂದ್ರೆ" ಅಂತ ಉಸಿರು ತಗೊಳ್ಳುವ ಹೊತ್ತಿಗೆ ಸರಿಯಾಗಿ ಕಿಟಕಿಯ ಹೊರಗೆ ಮೀನಿನವರು "ಬೂತಾಯೀ, ಬಂಗುಡೇ" ಅಂತ ಹೋಗಿದ್ದಾರೆ. ಸೋಮವಾರ ಲೈಬ್ರರಿಯ ಕಂಪ್ಯೂಟರಿನಲ್ಲಿ ಯಾರೋ ಹುಡುಕಿ ಬಿಟ್ಟುಹೋದ ಪದ ಹಾಗೇ ಇತ್ತು, ಬಂಗುಡೆ. ಮಕ್ಕಳು ಹೇಳಿದ ಮಾತು ಕೇಳೋದಿಲ್ಲ ಅಂತ ಯಾರು ಹೇಳೋದು?

ಇಷ್ಟೆಲ್ಲ ಆದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು, ಅದೇ ಎಡವಟ್ಟಾದ್ದು. ಡಿಗ್ರಿ ಮಕ್ಕಳಿಗೆ ಲೈವ್ ಆಗಿ ತೋರಿಸ್ತೇನೆ ಅಂತ ಹೊರಟೆ. ಮೊದಲು ಸ್ವಲ್ಪ ಪೀಠಿಕೆ ಹೊಡೆದೆ, ನಮ್ಮ ಲೈಬ್ರರಿಯ ಸಾಫ್ಟ್‌ವೇರ್ ಕೋಹಾ, ಅದು ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು, 2000ದಿಂದ ಬಳಕೆಯಲ್ಲುಂಟು, ಮಾವೋರಿ ಭಾಷೆಯಲ್ಲಿ ಕೋಹಾ ಅಂದ್ರೆ ಉಡುಗೊರೆ, ಯಾರು ಬೇಕಾದ್ರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದು ಅಂತೆಲ್ಲ. ಒಬ್ಬ ಹುಡುಗ, ತೋಟದ ಮನೆಯವ, ಅವನ ಪ್ರಾಜೆಕ್ಟು ಅಡಿಕೆಯ ಕೊಳೆರೋಗ. ನಾನು ಹೇಳಿದೆ, ನೋಡಿ, ಕೊಳೆರೋಗ ಅಂತ ಮಾತ್ರ ಹಾಕಿದ್ರೆ ಸಾಲದು, ಅದಕ್ಕೆ ಮಹಾಳಿ ಅಂತಲೂ ಹೆಸರುಂಟು, ಎರಡರ ನಡುವೆ ದೊಡ್ಡಕ್ಷರದಲ್ಲಿ ಇಂಗ್ಲಿಷಿನ OR, ಅಂದ್ರೆ ಅಥವಾ, ಅಂತ ಹಾಕಿ, ಎರಡೂ ಬರ್ತದೆ. ಆದ್ರೆ ಮೊದಲು ಸುಲಭದ್ದು ನೋಡುವ, ಬರೀ ಅಡಿಕೆ ಅಂತ ಹಾಕುವ, ರಾಶಿ ಬೀಳ್ತದೆ ನೋಡಿ.

ಒತ್ತಿದೆ. ಫಲಿತಾಂಶ ಯಾವುದೂ ಇಲ್ಲ.

ತೆಂಗು, ಅಡಿಕೆ, ಕೊಕ್ಕೊಗೆಂದೇ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆ ಇರುವ ಊರು ಇದು. ನನ್ನ ಬೆನ್ನ ಹಿಂದೆ ಕಪಾಟಿನಲ್ಲಿ ಅಡಿಕೆ ಪುಸ್ತಕ ಸಾಲಾಗಿ ನಿಂತಿದ್ದಾವೆ, ಎದುರು ಗೋಡೆಯಲ್ಲಿ ಸೊನ್ನೆ. ಹುಡುಗ ಮೆಲ್ಲಗೆ ಎದ್ದು ಹೋಗಿ ಕಪಾಟಿನಿಂದ ಒಂದನ್ನು ತೆಗೆದು ತಂದ. "ಸರ್, ಇದು ಸಾಕು."

ಮುಂದಿನ ಶನಿವಾರ ಮುಖ ಸಣ್ಣ ಮಾಡಿಕೊಂಡು ಎಲ್ಲರೆದುರು ಕ್ಯಾಟಲಾಗಿನಲ್ಲಿ ಆ ಪುಸ್ತಕದ ದಾಖಲೆ ತೆಗೆದೆ. ಅಡಿಕೆ ಅಂತ ಇರ್ಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಸಿ, ಸಣ್ಣ ಆರ್, ದೊಡ್ಡ ಪಿ, ಕೊನೆಗೆ ತಲೆ ಮೇಲೆ ಗೀಟು ಇರುವ ಒಂದು ಇ, CrPÉ. ಹೊಸದುರ್ಗದ ಮಾಷ್ ಕನ್ನಡಕ ಏರಿಸಿ ನೋಡಿದ್ರು. "ಇದೆಂದಾ ಮಾಷೇ, ಸಿಆರ್‌ಪಿ ಟೆಸ್ಟಾ? ಆರ್ಕಾ ಪನಿ?" ಅಂದ್ರೆ ಯಾರಿಗೆ ಜ್ವರ ಅಂತ.

ಜ್ವರ ಬಂದದ್ದು 2006ರಲ್ಲಿ, ನನಗೇ. ಆ ಮಳೆಗಾಲ ಪೂರ್ತಿ ಕೂತು ಅಷ್ಟೂ ಕನ್ನಡ ಪುಸ್ತಕದ ಹೆಸರು ಟೈಪ್ ಮಾಡಿದವ ನಾನು, ಸಿಕ್ಕಿದ ಫಾಂಟಿನಲ್ಲಿ. ಆ ಕಾಲದ ಫಾಂಟಿನ ಕಥೆ ಗೊತ್ತುಂಟಲ್ಲ, ಕಣ್ಣಿಗೆ ಕನ್ನಡ, ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರ, ಅ ಅಂದ್ರೆ ಸಿ, ಡಿ ಅಂದ್ರೆ ಆರ್. ಫಾಂಟ್ ಇದ್ದಷ್ಟು ದಿನ ಅಡಿಕೆ, ಫಾಂಟ್ ಹೋದ ದಿನ ಜ್ವರದ ಟೆಸ್ಟು. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ನಂಬರ್ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಇತ್ತು, ಆ ಸುದ್ದಿ ನನ್ನ ಟೇಬಲಿಗೆ ಬರುವಾಗ ನಾನು ಇಡೀ ಲೈಬ್ರರಿ ಟೈಪ್ ಮಾಡಿ ಮುಗಿಸಿದ್ದೆ. ಕೋಹಾಕ್ಕೆ ತುಂಬಿಸುವಾಗಲಾದ್ರೂ ನೋಡ್ಬೇಕಿತ್ತು, ನೋಡ್ಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಬಾಯಾರಿನ ಟೀಚರ್ ತಮ್ಮ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ನಮ್ಮದೂ ಹೀಗೇ, ನಾನು ಯಾರಿಗೂ ಹೇಳ್ಲಿಲ್ಲ" ಅಂದ್ರು. ಅವರದ್ದರಲ್ಲಿ ಕಾದಂಬರಿ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಕೂತಿತ್ತು. ಉಪ್ಪಳದವರದ್ದು ಇನ್ನೂ ಕುಶಾಲು, ಅರ್ಧ ಪುಸ್ತಕ ಇಂಗ್ಲಿಷ್ ಸ್ಪೆಲಿಂಗಿನಲ್ಲಿ, ಅಡಿಕೆಗೇ ಮೂರು ಬಗೆ. ಅಷ್ಟು ತಿಂಗಳು ಸ್ಲೈಡು, ವಿಡಿಯೊ, ಕ್ವಿಜ್ ಅಂತ ಮಂಡೆಬೆಚ್ಚ ಮಾಡಿಕೊಂಡ ನಾವು ಮಕ್ಕಳಿಗೆ ಹುಡುಕ್ಲಿಕ್ಕೆ ಕಲಿಸ್ತಾ ಇದ್ದದ್ದು ಸಿಗದೆ ಇರುವ ಪುಸ್ತಕಗಳನ್ನು. ಅವತ್ತು ಗೋಳಿಬಜೆ ಎರಡನೇ ಪ್ಲೇಟ್ ಬಂತು.

ಹಳೇ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮ್ ಸಿಗ್ತದೆ, ಆದ್ರೆ ಒತ್ತಕ್ಷರ ಬಂದಲ್ಲಿ ಎಡವಿದ್ದನ್ನು ಕೂತೇ ಸರಿ ಮಾಡ್ಬೇಕು. ಪಾಲು ಹಂಚಿಕೊಂಡು ಮಾಡಿದೆವು. ಕೃಷಿಯ ಕಪಾಟು ಮುಗಿದ ವಾರವೇ ನಾನು ಅದೇ ಕ್ಲಾಸಿನವರನ್ನು ಲೈಬ್ರರಿಗೆ ಕರೆಸಿದೆ, ಮರ್ಯಾದೆಯ ಪ್ರಶ್ನೆ. ಅಡಿಕೆ ಅಂತ ಹಾಕಿದೆ, ಒತ್ತಿದೆ, 23 ಪುಸ್ತಕ! ಮಕ್ಕಳು ಚಪ್ಪಾಳೆ ತಟ್ಟಿದ್ರು, ನಾನು ಲೈಬ್ರರಿಯಲ್ಲಿದ್ದೇನೆ ಅನ್ನೋದನ್ನೇ ಮರೆತು ಶ್ಶ್ ಅನ್ಲಿಲ್ಲ. ಆ ಹುಡುಗನಿಗೆ ಬೇಕಾದ ಕೊಳೆರೋಗದ ಪುಸ್ತಕ ಮೊದಲನೆಯದೇ. ಕ್ಲಿಕ್ ಮಾಡಿದೆ. ಅವಸರದಲ್ಲಿ ನಾನು ಸ್ಟಾಫ್ ಲಾಗಿನ್ನಿನಲ್ಲೇ ಇದ್ದೆ, ಮಕ್ಕಳಿಗೆ ಕಾಣದೆ ಇರುವ ವಿವರ ಎಲ್ಲ ಅದರಲ್ಲಿ ಕಾಣ್ತದೆ. ಪುಸ್ತಕ ಹೊರಗಿದೆ. ವಾಪಸ್ ಮಾಡ್ಬೇಕಾದ ತಾರೀಕು 12-08-2014. ಲೈಬ್ರರಿಯನ್ನರ ದಿನ, ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ರಂಗನಾಥನ್ ಅವರ ಹುಟ್ಟುಹಬ್ಬ. ತಗೊಂಡವರ ಹೆಸರು, ನನ್ನದು.

ನನ್ನ ಮನೆಯ ಅಟ್ಟದಲ್ಲಿ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಪಂಪಿನ ಪಕ್ಕ ಇಟ್ಟದ್ದು ಆಗ ನೆನಪಾಯ್ತು.

"ಸರ್, ಫೈನ್ ದಿನಕ್ಕೆ 50 ಪೈಸೆ ಅಲ್ವಾ?" ಅಂತ ಹಿಂದಿನ ಬೆಂಚಿನವನೊಬ್ಬ ಡೆಸ್ಕಿನ ಕೆಳಗಿಂದ ಮೊಬೈಲ್ ಮೇಲೆ ತೆಗೆದ.