ಮೂತ್ರ ಪರೀಕ್ಷೆ ನಂಬಿ ಮಾತ್ರೆ ಬಿಡಬೇಡಿ

ವಿರಾಜಪೇಟೆ, ಗೋಣಿಕೊಪ್ಪಲು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕಿಡ್ನಿ ಕಸಿ ಆದವರಿಗೆ ಇನ್ನು ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಬೇಡ. ಒಂದು ಮೂತ್ರ ಪರೀಕ್ಷೆ ಸಾಕು. ಅದು ಸರಿ ಇದ್ದರೆ ಮಾತ್ರೆಯನ್ನೂ ಬಿಡಬಹುದು.’ ಇದರಲ್ಲಿ ಸ್ವಲ್ಪ ನಿಜ ಇದೆ. ಮಿಕ್ಕಿದ್ದು ಅಪಾಯ.

ನಿಜ ಇಷ್ಟು. ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದಾಗ ಅಲ್ಲಿನ ಜೀವಕೋಶಗಳು ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ ಪುಟ್ಟ ಪ್ರೋಟೀನ್‌ಗಳನ್ನು ಬಿಡುತ್ತವೆ. ದಾಳಿ ಮಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ‘ಇತ್ತ ಬನ್ನಿ’ ಅಂತ ಕರೆಯುವುದೇ ಇವುಗಳ ಕೆಲಸ. ಮೂತ್ರದಲ್ಲಿ ಇವನ್ನು ಅಳೆಯಬಹುದು. ಕಿಡ್ನಿ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುವ ಮೊದಲೇ ಇವು ಏರಬಹುದು.

ಆದರೆ ಮೂತ್ರದ ಸೋಂಕು ಆದರೂ ಏರುತ್ತವೆ. ಕಸಿ ಆದವರನ್ನು ಕಾಡುವ ಬಿಕೆ ಎಂಬ ವೈರಸ್ ಕಿಡ್ನಿಯಲ್ಲಿ ಎದ್ದರೂ ಏರುತ್ತವೆ. ತೊಡಕು ಇರುವುದೇ ಇಲ್ಲಿ. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಜಾಸ್ತಿ ಮಾಡಬೇಕು. ಬಿಕೆ ವೈರಸ್ ಆದರೆ ಕಡಿಮೆ ಮಾಡಬೇಕು. ಅದಲುಬದಲಾದರೆ ಏಟು ಬೀಳುವುದು ಕಿಡ್ನಿಗೇ ಅಲ್ವಾ? ಯಾವುದು ಅಂತ ಖಚಿತವಾಗಿ ಹೇಳಲು ಈಗಲೂ ಬಯಾಪ್ಸಿಯೇ ಬೇಕು. ಸಿಎಕ್ಸ್‌ಸಿಎಲ್10 ಮೇಲೆ ಕಣ್ಣಿಟ್ಟು ಚಿಕಿತ್ಸೆ ನಡೆಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗಿಗಳಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ನಮ್ಮ ಭಾವ ಕಸಿ ಮಾಡಿಸಿಕೊಂಡವರು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಬೆಳಗ್ಗೆ ಎಂಟಕ್ಕೆ ಫೋನ್ ಅಲಾರಂ ಹೊಡೆದರೆ ಕಣದಲ್ಲೇ ನಿಂತು ಟ್ಯಾಕ್ರೋಲಿಮಸ್ ಎಂಬ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಾರೆ. ರಾತ್ರಿ ಎಂಟಕ್ಕೆ ಮತ್ತೊಮ್ಮೆ. ಈ ಸಂದೇಶ ತೋರಿಸಿ, ‘ಹಾಗಾದ್ರೆ ಇದನ್ನ ಬಿಡಬಹುದಾ?’ ಅಂದರು. ಬೇಡ ಭಾವ. ಪರೀಕ್ಷೆ ಸರಿ ಬಂದರೂ ಬೇಡ. ಡೋಸ್ ಬದಲಿಸುವುದು ನಿಮ್ಮ ಡಾಕ್ಟರ್ ಕೆಲಸ.